ಒಂದು ಗೆರೆ, ಇಡೀ ಆಕಾಶ

2014ರ ಫೆಬ್ರುವರಿಯಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ಸಂಶೋಧನಾ ಪ್ರಬಂಧಗಳು ಹೊರಬಂದವು. ಮೊದಲನೆಯದು ಅಮೆರಿಕದ ಹಾರ್ವರ್ಡ್-ಸ್ಮಿತ್ಸೋನಿಯನ್ ಖಭೌತ ಕೇಂದ್ರದಲ್ಲಿದ್ದ ಎಸ್ರಾ ಬುಲ್ಬುಲ್ ಮತ್ತು ಸಂಗಡಿಗರದು. ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹ 73 ಗೆಲಾಕ್ಸಿ ಗುಚ್ಛಗಳಿಂದ ಹಿಡಿದಿದ್ದ ಎಕ್ಸ್‌ರೇ ಬೆಳಕನ್ನೆಲ್ಲ ಒಟ್ಟುಗೂಡಿಸಿದಾಗ 3.55 ಕಿಲೋ ಎಲೆಕ್ಟ್ರಾನ್‌ವೋಲ್ಟ್ (ಕೆಇವಿ) ಶಕ್ತಿಯ ಆಸುಪಾಸಿನಲ್ಲಿ, ತಮಗೆ ತಿಳಿದ ಯಾವ ಪರಮಾಣುವಿನ ಲೆಕ್ಕಕ್ಕೂ ಸಿಗದ ಸಣ್ಣದೊಂದು ಉಬ್ಬು, ಅಂದರೆ ರೋಹಿತದಲ್ಲಿ ಒಂದು ಗೆರೆ, ಕಂಡಿತೆಂದು ಅವರು ವರದಿ ಮಾಡಿದರು. ಎರಡನೆಯದು ಅಲೆಕ್ಸಿ ಬೊಯಾರ್ಸ್ಕಿ, ಒಲೆಗ್ ರುಚಾಯ್ಸ್ಕಿ ಮತ್ತಿತರರದು. ನಮ್ಮ ನೆರೆಯ ಆಂಡ್ರೊಮಿಡಾ ಗೆಲಾಕ್ಸಿಯಲ್ಲೂ ಪರ್ಸಿಯಸ್ ಗುಚ್ಛದಲ್ಲೂ ಬಹುಪಾಲು ಅದೇ ಶಕ್ತಿಯಲ್ಲಿ ಅವರಿಗೂ ಏನೋ ಕಂಡಿತ್ತು. ಎರಡೂ ತಂಡಗಳು ಎಚ್ಚರದಿಂದಲೇ ಒಂದು ಸಾಧ್ಯತೆಯನ್ನು ಮುಂದಿಟ್ಟವು: ಇದು ಕಪ್ಪು ದ್ರವ್ಯದ ಕಣಗಳು ಒಡೆದಾಗ ಹೊಮ್ಮಿದ ಬೆಳಕಾಗಿರಬಹುದು. ಮುಂದಿನ ಹತ್ತು ವರ್ಷ ಈ ಗೆರೆಯ ಪರವಾಗಿ, ವಿರುದ್ಧವಾಗಿ ರಾಶಿ ಪ್ರಬಂಧಗಳು ಬಂದವು. ಹಿಂತಿರುಗಿ ನೋಡಿದರೆ, ಗೆರೆ ಇತ್ತೋ ಇಲ್ಲವೋ ಎಂಬುದಕ್ಕಿಂತ ಅದನ್ನು ತೀರ್ಮಾನಿಸಿದ ಬಗೆಯೇ ಹೆಚ್ಚು ಕುತೂಹಲದ್ದು. ಒಂದು ಶಕ್ತಿಯಲ್ಲಿ ಕಂಡ ಗೆರೆ ಎಷ್ಟೇ ಸ್ಪಷ್ಟವಾಗಿರಲಿ, ತಾನೊಂದೇ ಕಪ್ಪು ದ್ರವ್ಯಕ್ಕೆ ಸಾಕ್ಷಿಯಾಗಲಾರದು. ಆ ಗೆರೆ ಆಕಾಶದ ಯಾವ ದಿಕ್ಕಿನಲ್ಲಿ ದಟ್ಟ, ಯಾವ ದಿಕ್ಕಿನಲ್ಲಿ ತೆಳು ಎಂಬ ನಕ್ಷೆಯೇ ನಿಜವಾದ ಸಾಕ್ಷಿ. ಎಕ್ಸ್‌ರೇ ಸರ್ವೇಕ್ಷಣೆಗಳ ಮಹತ್ವವೂ ಇಲ್ಲಿಯೇ ಇದೆ.

ಕಪ್ಪು ದ್ರವ್ಯ ಇದೆ ಎಂಬುದಕ್ಕೆ ಪುರಾವೆಗಳ ಕೊರತೆಯಿಲ್ಲ. ಫ್ರಿಟ್ಜ್ ಜ್ವಿಕಿ 1933ರಲ್ಲಿ ಕೋಮಾ ಗುಚ್ಛದ ಗೆಲಾಕ್ಸಿಗಳ ವೇಗ ಲೆಕ್ಕಹಾಕಿ, ಕಾಣುವ ದ್ರವ್ಯದ ಗುರುತ್ವ ಅವನ್ನು ಹಿಡಿದಿಡಲು ಏನೇನೂ ಸಾಲದೆಂದು ತೋರಿಸಿದ. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಸುರುಳಿ ಗೆಲಾಕ್ಸಿಗಳ ಹೊರ ಅಂಚಿನ ನಕ್ಷತ್ರಗಳೂ ಒಳಗಿನವುಗಳಷ್ಟೇ ವೇಗದಲ್ಲಿ ಸುತ್ತುವುದನ್ನು ಅಳೆದರು. ಇಂದಿನ ಲೆಕ್ಕದಲ್ಲಿ ವಿಶ್ವದ ದ್ರವ್ಯದ ನೂರಕ್ಕೆ ಸುಮಾರು 85 ಪಾಲು ಈ ಬಗೆಯದು. ಅದು ಎಲ್ಲೆಲ್ಲಿ ಎಷ್ಟಿದೆ ಎಂಬುದು ಸಾಕಷ್ಟು ಚೆನ್ನಾಗಿ ಗೊತ್ತು; ಯಾವುದರಿಂದ ಆಗಿದೆ ಎಂಬುದು ಮಾತ್ರ ಗೊತ್ತಿಲ್ಲ. ಈ ವಿಚಿತ್ರ ಸ್ಥಿತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಗುರುತ್ವ ಬರೆದುಕೊಟ್ಟ ನಕ್ಷೆ ನಮ್ಮ ಕೈಯಲ್ಲಿ ಮೊದಲೇ ಇರುವುದರಿಂದಲೇ ಬೆಳಕಿನಲ್ಲಿ ಕಂಡದ್ದನ್ನು ಅದಕ್ಕೆ ಹೊಂದಿಸಿ ಪರೀಕ್ಷಿಸಲು ಸಾಧ್ಯ. ನ್ಯೂಟ್ರಿನೊಗಳೇ ಈ ಕಾಣದ ದ್ರವ್ಯವಾಗಿರಬಹುದೆಂಬ ಯೋಚನೆಗೆ ನಮ್ಮ ದೇಶದ ನಂಟೂ ಇದೆ. ಮುಂದೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ರಾಮನಾಥ್ ಕೌಸಿಕ್ ಅವರು ಮ್ಯಾಕ್ಲೆಲಂಡ್ ಜೊತೆಗೂಡಿ 1972-73ರಲ್ಲೇ, ರಾಶಿಯುಳ್ಳ ನ್ಯೂಟ್ರಿನೊಗಳು ಗೆಲಾಕ್ಸಿ ಗುಚ್ಛಗಳನ್ನು ಗುರುತ್ವದಿಂದ ಬಂಧಿಸಿಟ್ಟಿರಬಹುದೆಂದು ವಾದಿಸಿದ್ದರು. ಸಾಮಾನ್ಯ ನ್ಯೂಟ್ರಿನೊಗಳು ಆ ಕೆಲಸಕ್ಕೆ ತೀರ ಹಗುರ, ತೀರ ಚುರುಕು ಎಂದು ಆಮೇಲೆ ತಿಳಿಯಿತು. ಆದರೆ ಅವುಗಳಿಗೊಬ್ಬ ಭಾರದ ದಾಯಾದಿ ಇರಬಹುದೆಂಬ ಊಹೆ ಉಳಿಯಿತು. ಅದೇ ಸ್ಟೆರೈಲ್ ನ್ಯೂಟ್ರಿನೊ. ಗುರುತ್ವ ಬಿಟ್ಟರೆ ಬೇರಾವ ಬಲಕ್ಕೂ ನೇರವಾಗಿ ಸ್ಪಂದಿಸದ ಇದು, ಸಾಮಾನ್ಯ ನ್ಯೂಟ್ರಿನೊಗಳೊಂದಿಗೆ ಎಲ್ಲೋ ಒಂಚೂರು ಬೆರೆತಿರುತ್ತದೆ. 1994ರಲ್ಲಿ ಸ್ಕಾಟ್ ಡೊಡೆಲ್ಸನ್ ಮತ್ತು ಲಾರೆನ್ಸ್ ವಿಡ್ರೊ ಇದೇ ಕಪ್ಪು ದ್ರವ್ಯವಾಗಿರಬಹುದೆಂದು ಲೆಕ್ಕ ಕೊಟ್ಟರು.

ಆ ಒಂಚೂರು ಬೆರಕೆಯ ಕಾರಣದಿಂದ ಸ್ಟೆರೈಲ್ ನ್ಯೂಟ್ರಿನೊ ಅಜರಾಮರವಲ್ಲ. ಎಂದೋ ಒಮ್ಮೆ ಅದು ಸಾಮಾನ್ಯ ನ್ಯೂಟ್ರಿನೊ ಮತ್ತು ಒಂದು ಫೋಟಾನ್ ಆಗಿ ಒಡೆಯುತ್ತದೆ. ಈ ಒಡೆಯುವಿಕೆಯ ದರಕ್ಕೆ ಇಂದಿಗೂ ಎಲ್ಲರೂ ಬಳಸುವ ಸೂತ್ರ ಪಲಾಶ್ ಬರನ್ ಪಾಲ್ ಮತ್ತು ಲಿಂಕನ್ ವುಲ್ಫೆನ್‌ಸ್ಟೈನ್ 1982ರಲ್ಲಿ ಕೊಟ್ಟದ್ದು. ಬಹುಮಟ್ಟಿಗೆ ನಿಶ್ಚಲವಾಗಿರುವ ಕಣವೊಂದು ಹೀಗೆ ಎರಡಾದರೆ ಶಕ್ತಿ ಸಮಪಾಲಾಗಬೇಕು. ಹಾಗಾಗಿ 3.55 ಕೆಇವಿ ಫೋಟಾನಿನ ಹಿಂದೆ 7.1 ಕೆಇವಿ ರಾಶಿಯ ಕಣ ಇರಬೇಕು. ಕಪ್ಪು ದ್ರವ್ಯವೆಲ್ಲ ಇಂಥ ಕಣಗಳೇ ಆಗಿದ್ದರೆ ಸೂರ್ಯನ ಸುತ್ತಮುತ್ತ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು ಐವತ್ತು ಸಾವಿರ ಇರಬೇಕಾಗುತ್ತದೆ. 2014ರ ಗೆರೆಯ ತೀವ್ರತೆಗೆ ಹೊಂದುವ ಆಯುಷ್ಯವಾದರೋ ವಿಶ್ವದ ಈಗಿನ ವಯಸ್ಸಿನ ಸಾವಿರ ಕೋಟಿ ಪಟ್ಟು. ಒಂದೊಂದು ಕಣವೂ ಹೆಚ್ಚುಕಡಿಮೆ ಶಾಶ್ವತ. ಆದರೆ ಒಂದು ಗೆಲಾಕ್ಸಿಯಲ್ಲಿ ಅವುಗಳ ಸಂಖ್ಯೆ ಎಷ್ಟು ಅಗಾಧವೆಂದರೆ ಪ್ರತಿ ಕ್ಷಣವೂ ಎಣಿಕೆಗೆ ಸಿಗದಷ್ಟು ಕಣಗಳು ಎಲ್ಲೆಲ್ಲೋ ಒಡೆಯುತ್ತಲೇ ಇರಬೇಕು. ಭೂಮಿಯ ವಾತಾವರಣ ಎಕ್ಸ್‌ರೇಗಳನ್ನು ನುಂಗಿಬಿಡುವುದರಿಂದ ಈ ಬೆಳಕನ್ನು ಹಿಡಿಯಲು ಅಂತರಿಕ್ಷಕ್ಕೇ ಹೋಗಬೇಕು.

ಹಾಗೆ ಹಿಡಿದ ಬೆಳಕಿನಲ್ಲಿ ಆ ಉಬ್ಬು ಎಷ್ಟು ಸಣ್ಣದಾಗಿತ್ತೆಂಬುದು ಸುದ್ದಿಗಳಲ್ಲಿ ಅಷ್ಟಾಗಿ ಬರಲಿಲ್ಲ. ಗುಚ್ಛಗಳೊಳಗಿನ ಕೋಟ್ಯಂತರ ಡಿಗ್ರಿ ಬಿಸಿಯ ಅನಿಲವೇ ಪ್ರಖರವಾಗಿ ಎಕ್ಸ್‌ರೇ ಸೂಸುತ್ತದೆ. ಆ ಬೆಳಕಿನ ಮೇಲೆ ಹೊಸ ಗೆರೆ ಎದ್ದು ಕಂಡದ್ದು ನೂರಕ್ಕೆ ಒಂದರಷ್ಟು. ಎಕ್ಸ್‌ಎಂಎಂ-ನ್ಯೂಟನ್ನಿನ ಸಿಸಿಡಿ ಕ್ಯಾಮೆರಾಗಳು ಆ ಶಕ್ತಿಯಲ್ಲಿ ಸುಮಾರು ನೂರು ಎಲೆಕ್ಟ್ರಾನ್‌ವೋಲ್ಟ್ ಅಂತರದೊಳಗಿನ ಗೆರೆಗಳನ್ನು ಬಿಡಿಸಿ ನೋಡಲಾರವು. ಅಷ್ಟು ಅಗಲದಲ್ಲಿ ಅಕ್ಕಪಕ್ಕದ ಹಲವು ಗೆರೆಗಳು ಕಲಸಿಹೋಗಿರುತ್ತವೆ. ಡಿಟೆಕ್ಟರಿನ ಸೂಕ್ಷ್ಮತೆಯ ಅಳತೆಯಲ್ಲಿ ನೂರಕ್ಕೆ ಒಂದರಷ್ಟು ತಪ್ಪಾದರೂ ಇಂಥದೊಂದು ಉಬ್ಬು ಹುಟ್ಟಿಕೊಳ್ಳಬಹುದು. ಬುಲ್ಬುಲ್ ತಂಡಕ್ಕೆ ಇದು ಗೊತ್ತಿತ್ತು, ಅದಕ್ಕೆ ಅವರು ಹೂಡಿದ ಉಪಾಯ ಜಾಣತನದ್ದು. ಆ 73 ಗುಚ್ಛಗಳು ಬೇರೆಬೇರೆ ದೂರದಲ್ಲಿರುವುದರಿಂದ ವಿಶ್ವದ ಹಿಗ್ಗುವಿಕೆ ಅವುಗಳ ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಕೆಂಪಿನತ್ತ ಸರಿಸಿರುತ್ತದೆ. ಪ್ರತಿಯೊಂದರ ರೋಹಿತವನ್ನೂ ಅದರದರ ಮೂಲ ಶಕ್ತಿಗೆ ಮರಳಿ ಸರಿಸಿ ಕೂಡಿಸಿದರೆ, ಗುಚ್ಛಗಳಿಂದ ಬಂದ ಗೆರೆ ಒಂದರ ಮೇಲೊಂದು ಕೂತು ಬಲಗೊಳ್ಳುತ್ತದೆ. ಉಪಕರಣದ ದೋಷ ಚದುರಿ ಮಸುಕಾಗುತ್ತದೆ. ಗೆರೆಯನ್ನು ಹಲವರು ಗಂಭೀರವಾಗಿ ತೆಗೆದುಕೊಂಡದ್ದರಲ್ಲಿ ಈ ಉಪಾಯದ ಪಾಲು ದೊಡ್ಡದು.

ಗುರುತು ಸಿಗದ ಗೆರೆಗಳಿಗೆ ಖಗೋಳ ವಿಜ್ಞಾನದಲ್ಲಿ ಹಳೆಯ ಇತಿಹಾಸವಿದೆ, ಅದರ ಒಂದು ಅಧ್ಯಾಯ ನಡೆದದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದಂದು, ಖ್ಯಾತ ಖಗೋಳಜ್ಞರ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ರೋಹಿತದರ್ಶಕ ಹೂಡಿಕೊಂಡು ಕೂತಿದ್ದ. ಮೋಡಗಳ ಮರೆಯಾಟದ ನಡುವೆ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡ. ಕಿತ್ತಳೆಯದು ಸೋಡಿಯಂನ ಪರಿಚಿತ ಗೆರೆಯೆಂದೇ ಅವನೆಣಿಕೆ. ಅದು ಸೋಡಿಯಂನದಲ್ಲ, ಅದರಿಂದ ಒಂದೆರಡು ನ್ಯಾನೊಮೀಟರ್ ಆಚೆಗಿದೆ ಎಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಖಚಿತಪಡಿಸಿದ. ಆ ಗೆರೆಯ ಒಡೆಯ ಹೀಲಿಯಂ. ವಿಲಿಯಂ ರಾಮ್ಸೆ ಅದನ್ನು ಭೂಮಿಯ ಮೇಲೆ ಬೇರ್ಪಡಿಸಿದ್ದು 1895ರಲ್ಲಿ. ಅಪರಿಚಿತ ಗೆರೆ ಹೊಸ ವಸ್ತುವನ್ನೇ ತೋರಿಸಿಕೊಟ್ಟ ಕಥೆಯೆಂದು ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ದಶಕದ ಇನ್ನೆರಡು ಗೆರೆಗಳ ಕಥೆಯನ್ನು ಹೇಳುವವರು ಕಡಿಮೆ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ನೀಹಾರಿಕೆಗಳಲ್ಲಿ ಕಂಡ ಹಸಿರು ಗೆರೆಗಳಿಗೆ ‘ನೆಬ್ಯುಲಿಯಂ’ ಎಂಬ ಹೊಸ ಮೂಲವಸ್ತುವನ್ನು ಕಲ್ಪಿಸಲಾಯಿತು. 1869ರ ಗ್ರಹಣದಲ್ಲಿ ಸೂರ್ಯನ ಕರೋನದಲ್ಲಿ ಕಂಡದ್ದಕ್ಕೆ ‘ಕೊರೋನಿಯಂ’ ಎಂಬುದನ್ನು. ಮೊದಲನೆಯದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವೆಂದು 1927ರಲ್ಲಿ ಐರಾ ಬೋವೆನ್ ತೋರಿಸಿದ. ಎರಡನೆಯದು ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣವೆಂಬುದು ಬೆಂಗ್ಟ್ ಎಡ್ಲೆನ್‌ನ ಕೆಲಸದಿಂದ 1940ರ ಹೊತ್ತಿಗೆ ತಿಳಿಯಿತು. ಮೂರು ಗೆರೆಗಳಲ್ಲಿ ಒಂದು ಹೊಸ ವಸ್ತು, ಎರಡು ಹಳೆಯ ವಸ್ತುಗಳ ಅಪರೂಪದ ಅವಸ್ಥೆ. 3.5 ಕೆಇವಿ ಗೆರೆಯ ವಿಚಾರಣೆಗೆ ಕೂರುವಾಗ ಈ ಅನುಪಾತವನ್ನು ಮರೆಯಬಾರದು.

ಮರೆಯದವರು ಇದ್ದರು. 2014ರಲ್ಲೇ ಟೆಸ್ಲಾ ಜೆಲ್ಟೆಮಾ ಮತ್ತು ಸ್ಟೆಫಾನೊ ಪ್ರೊಫುಮೊ, ಹದಿನೇಳು ಎಲೆಕ್ಟ್ರಾನ್ ಕಳೆದುಕೊಂಡ ಪೊಟ್ಯಾಸಿಯಂ 3.47 ಮತ್ತು 3.51 ಕೆಇವಿಯಲ್ಲಿ ಬೆಳಗುತ್ತದೆ, ಉಬ್ಬು ಅದರದೇ ಇರಬಹುದು ಎಂದರು. ಹಾಗಿದ್ದರೆ ನಿರೀಕ್ಷೆಗಿಂತ ಹತ್ತಿಪ್ಪತ್ತು ಪಟ್ಟು ಪೊಟ್ಯಾಸಿಯಂ ಬೇಕಾಗುತ್ತದೆಂಬುದು ಬುಲ್ಬುಲ್ ತಂಡದ ಉತ್ತರ. ಅನಿಲದ ಉಷ್ಣಾಂಶ ಎಲ್ಲೆಡೆ ಒಂದೇ ಎಂದು ಯಾಕೆ ಎಣಿಸುತ್ತೀರಿ, ತಣ್ಣಗಿನ ಭಾಗಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅಷ್ಟು ಬೇಕಿಲ್ಲ ಎಂಬುದು ಪ್ರತ್ಯುತ್ತರ. ಮುಂದೆ ಇನ್ನೊಂದು ಆರೋಪಿ ಸಿಕ್ಕಿತು: ಎಲೆಕ್ಟ್ರಾನ್‌ಗಳನ್ನೆಲ್ಲ ಕಳೆದುಕೊಂಡ ಗಂಧಕದ ಬೀಜ, ತಣ್ಣನೆಯ ಜಲಜನಕದಿಂದ ಒಂದು ಎಲೆಕ್ಟ್ರಾನ್ ಕಸಿದುಕೊಂಡಾಗ ಹೊಮ್ಮುವ ಬೆಳಕು. ಜರ್ಮನಿಯ ಹೈಡೆಲ್‌ಬರ್ಗಿನ ಪ್ರಯೋಗಾಲಯದಲ್ಲಿ ಇದನ್ನು ಅಳೆದೂ ತೋರಿಸಿದರು. ಈ ವಾದಗಳಲ್ಲಿ ಯಾರು ಸರಿ ಎಂದು ಗುಚ್ಛಗಳನ್ನೇ ಮತ್ತೆಮತ್ತೆ ನೋಡಿ ತೀರ್ಮಾನಿಸುವುದು ಕಷ್ಟ. ಬಿಸಿ ಅನಿಲವೂ ಕಪ್ಪು ದ್ರವ್ಯವೂ ಗುಚ್ಛದ ನಡುವೆಯೇ ದಟ್ಟವಾಗಿರುತ್ತವೆ, ಒಂದು ಇನ್ನೊಂದರ ವೇಷ ಹಾಕಬಲ್ಲದು. ಎರಡೂ ಜೊತೆಯಲ್ಲಿರದ ಜಾಗಗಳನ್ನು ಹುಡುಕಿಕೊಂಡು ಹೋಗಬೇಕು.

ಅಂಥ ಜಾಗಗಳು ಬೇಕಾದಷ್ಟಿವೆ, ಈ ವಿಚಾರಣೆ ನಕ್ಷೆಯ ವಿಚಾರಣೆಯಾಗಿ ಬದಲಾದದ್ದು ಅಲ್ಲಿಯೇ. ಕಣಗಳು ತಂತಾವೇ ಒಡೆಯುವುದಾದರೆ ಯಾವುದೇ ದಿಕ್ಕಿನಿಂದ ಬರುವ ಗೆರೆಯ ತೀವ್ರತೆ ಆ ದಿಕ್ಕಿನಲ್ಲಿ ಒಟ್ಟು ಎಷ್ಟು ಕಪ್ಪು ದ್ರವ್ಯವಿದೆ ಎಂಬುದನ್ನು ಮಾತ್ರ ಅವಲಂಬಿಸಬೇಕು. ಅನಿಲ ಬಿಸಿಯೋ ತಣ್ಣಗೋ, ಪೊಟ್ಯಾಸಿಯಂ ಇದೆಯೋ ಇಲ್ಲವೋ, ಅದಕ್ಕೆ ಸಂಬಂಧವಿಲ್ಲ. ಈ ಸರಳತೆಯೇ ಈ ಊಹೆಯ ದೊಡ್ಡ ಗುಣ, ತಪ್ಪಿಸಿಕೊಳ್ಳಲು ದಾರಿ ಇಲ್ಲದಂತೆ ಅದನ್ನು ಕಟ್ಟಿಹಾಕುವುದೂ ಅದೇ. ಸುಮಾರು ಎರಡೂವರೆ ಲಕ್ಷ ಜ್ಯೋತಿರ್ವರ್ಷ ದೂರದ ಡ್ರೇಕೊ ಎಂಬ ಕುಬ್ಜ ಗೆಲಾಕ್ಸಿಯನ್ನು ನೋಡಿ. ಅಲ್ಲಿ ಬಿಸಿ ಅನಿಲವೆಂಬುದು ಇಲ್ಲವೇ ಇಲ್ಲ ಎನ್ನಬಹುದು, ಇರುವುದೆಲ್ಲ ಹಳೆಯ ನಕ್ಷತ್ರಗಳು ಮತ್ತು ಹೇರಳ ಕಪ್ಪು ದ್ರವ್ಯ. ಎಕ್ಸ್‌ಎಂಎಂ-ನ್ಯೂಟನ್ 14 ಲಕ್ಷ ಸೆಕೆಂಡ್‌ಗಳಷ್ಟು ಕಾಲ ಅದನ್ನೇ ದಿಟ್ಟಿಸಿತು. ಜೆಲ್ಟೆಮಾ, ಪ್ರೊಫುಮೊ ಗೆರೆ ಇಲ್ಲವೆಂದರು. ಅದೇ ದತ್ತಾಂಶ ನೋಡಿದ ರುಚಾಯ್ಸ್ಕಿ ತಂಡ, ಒಂದು ಕ್ಯಾಮೆರಾದಲ್ಲಿ ಮಂದವಾದ ಸುಳಿವಿದೆ, ಊಹೆಯನ್ನು ತಳ್ಳಿಹಾಕುವಂತಿಲ್ಲ ಎಂದಿತು. ಇನ್ನೊಂದೆಡೆ ಮೈಕೆಲ್ ಆಂಡರ್ಸನ್ ಮತ್ತಿತರರು ಹತ್ತಾರು ಬಿಡಿ ಗೆಲಾಕ್ಸಿಗಳನ್ನು ನೋಡಿದ ‘ಚಂದ್ರ’ ಎಂಬ ಎಕ್ಸ್‌ರೇ ದೂರದರ್ಶಕದ ಮತ್ತು ಎಕ್ಸ್‌ಎಂಎಂ ರೋಹಿತಗಳನ್ನು ಕೂಡಿಸಿ 2015ರಲ್ಲಿ ಗೆರೆಯ ಕುರುಹೇ ಇಲ್ಲವೆಂದು ಬರೆದರು. ಗುಚ್ಛಗಳಲ್ಲಿ ಕಂಡದ್ದು ಕಪ್ಪು ದ್ರವ್ಯದ್ದಾಗಿದ್ದರೆ ಆ ಗೆಲಾಕ್ಸಿಗಳಲ್ಲಿ ಅದು ಢಾಳಾಗಿ ಕಾಣಬೇಕಿತ್ತು.

ಎಲ್ಲಕ್ಕಿಂತ ಹತ್ತಿರದ ಕಪ್ಪು ದ್ರವ್ಯದ ರಾಶಿ ಯಾವುದು? ನಾವೇ ಮುಳುಗಿರುವ ಕ್ಷೀರಪಥದ ಪ್ರಭಾವಳಿ. ದೂರದರ್ಶಕವನ್ನು ಎತ್ತ ತಿರುಗಿಸಿದರೂ ಅದರ ಮೂಲಕವೇ ನೋಡಬೇಕು. ಯಾರೋ ಒಂದು ಕ್ವೇಸಾರನ್ನು ನೋಡಲು, ಇನ್ಯಾರೋ ಒಂದು ನಕ್ಷತ್ರವನ್ನು ನೋಡಲು ತೆಗೆದ ಚಿತ್ರಗಳಲ್ಲೂ ಹಿನ್ನೆಲೆಯ ಖಾಲಿ ಜಾಗದಲ್ಲಿ ಆ ಬೆಳಕು ಇರಲೇಬೇಕು. ಎಕ್ಸ್‌ಎಂಎಂ-ನ್ಯೂಟನ್ನಿನ ಎರಡು ದಶಕಗಳ ಸಂಗ್ರಹ ಹೀಗೆ ಯಾರೂ ಯೋಜಿಸದೆಯೇ ಒಂದು ಸರ್ವೇಕ್ಷಣೆಯಾಗಿ ಬೆಳೆದಿತ್ತು. ಕ್ರಿಸ್ಟೋಫರ್ ಡೆಸರ್ಟ್, ನಿಕೊಲಸ್ ರಾಡ್, ಬೆಂಜಮಿನ್ ಸಫ್ದಿ ಅದರಿಂದ ಸುಮಾರು 3 ಕೋಟಿ ಸೆಕೆಂಡ್‌ಗಳ, ಅಂದರೆ ಒಂದು ವರ್ಷದಷ್ಟು ಅವಲೋಕನವನ್ನು ಆಯ್ದು, 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ತೀರ್ಪು ಪ್ರಕಟಿಸಿದರು: ಗೆರೆ ಇಲ್ಲ. ತಕರಾರು ಕೂಡಲೇ ಬಂತು. ಅವರು ನೋಡಿದ್ದು ಗೆರೆಯ ಆಚೀಚಿನ ಕಿರಿದಾದ ಪಟ್ಟಿಯನ್ನು ಮಾತ್ರ, ಪಕ್ಕದಲ್ಲೇ 3.3 ಮತ್ತು 3.7 ಕೆಇವಿ ಸುಮಾರಿಗೆ ಇರುವ ಗೊತ್ತಿರುವ ಗೆರೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಹಿನ್ನೆಲೆಯ ಮಟ್ಟ ಸುಳ್ಳಾಗಿ ಮೇಲೇರುತ್ತದೆ, ನಿಜವಾದ ಉಬ್ಬು ಅದರಡಿ ಹುದುಗಿಹೋಗುತ್ತದೆ ಎಂಬುದು ಬೊಯಾರ್ಸ್ಕಿ ಮತ್ತಿತರರ ಆಕ್ಷೇಪ. ಈ ಆಕ್ಷೇಪದಲ್ಲಿ ಹುರುಳಿದೆ. ಆ ಗೆರೆಗಳನ್ನು ಸೇರಿಸಿಕೊಂಡರೂ ತಮ್ಮ ತೀರ್ಮಾನ ನಿಲ್ಲುತ್ತದೆಂದು ಡೆಸರ್ಟ್ ತಂಡ ಉತ್ತರಿಸಿತಾದರೂ ಒಂದೇ ರೋಹಿತದೊಳಗೆ ಹಿನ್ನೆಲೆ ಯಾವುದು, ಗೆರೆ ಯಾವುದು ಎಂಬ ಜಗಳ ಎಂದೂ ಪೂರ್ತಿ ಬಗೆಹರಿಯುವಂಥದ್ದಲ್ಲ.

ಬಗೆಹರಿಸುವ ದಾರಿ ಮರುವರ್ಷ ಬಂದ ಇನ್ನೊಂದು ಪ್ರಬಂಧದಲ್ಲಿತ್ತು, ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಅತ್ಯುತ್ತಮ ಕೆಲಸ ಅದೇ. ಜೋಶುವಾ ಫಾಸ್ಟರ್ ಮತ್ತು ಸಂಗಡಿಗರು ಎಕ್ಸ್‌ಎಂಎಂ ಸಂಗ್ರಹದ 54.7 ಕೋಟಿ ಸೆಕೆಂಡ್‌ಗಳಷ್ಟು ದತ್ತಾಂಶವನ್ನು ತೆಗೆದುಕೊಂಡು, ಆಕಾಶವನ್ನು ಕ್ಷೀರಪಥದ ಕೇಂದ್ರದ ಸುತ್ತ ಉಂಗುರಗಳಾಗಿ ವಿಂಗಡಿಸಿದರು. ಕಪ್ಪು ದ್ರವ್ಯ ಕೇಂದ್ರದ ಕಡೆಗೆ ದಟ್ಟ, ಎದುರು ದಿಕ್ಕಿಗೆ ವಿರಳ. ಆದ್ದರಿಂದ ದೂರದ ಉಂಗುರಗಳನ್ನು ಹಿನ್ನೆಲೆಯೆಂದು ಹಿಡಿದು ಹತ್ತಿರದವುಗಳಿಂದ ಕಳೆದುಬಿಟ್ಟರೆ, ಉಪಕರಣದಿಂದ ಹುಟ್ಟಿದ್ದೆಲ್ಲ ಬಹುಪಾಲು ಕಳೆದುಹೋಗುತ್ತದೆ, ಕಪ್ಪು ದ್ರವ್ಯದ್ದು ಮಾತ್ರ ಉಳಿಯಬೇಕು. ಕಿವಿಯೊಳಗೇ ಗುಂಯ್‌ಗುಡುವ ಸದ್ದು ಯಾವ ಊರಿಗೆ ಹೋದರೂ ಒಂದೇ ತೆರನಾಗಿ ಕೇಳುತ್ತದೆ. ಹೊರಗಿನ ಸದ್ದಾದರೆ ಊರಿಂದೂರಿಗೆ ಏರಿಳಿಯಲೇಬೇಕು. ಈ ಮಾತು ಬರೀ ತರ್ಕದ್ದಲ್ಲ. ಅಮೆರಿಕದ ನುಸ್ಟಾರ್ ದೂರದರ್ಶಕದಲ್ಲೂ 3.5 ಕೆಇವಿಯಲ್ಲಿ ಒಂದು ಗೆರೆ ಕಾಣುತ್ತಿತ್ತು. ಆದರೆ ಭೂಮಿ ಅಡ್ಡ ಬಂದು ಆಕಾಶವೇ ಮುಚ್ಚಿಹೋದ ಹೊತ್ತಿನಲ್ಲೂ ಅದು ಕಾಣುತ್ತಲೇ ಇತ್ತು! ಉಂಗುರಗಳ ಲೆಕ್ಕದಲ್ಲಿ ಫಾಸ್ಟರ್ ತಂಡಕ್ಕೆ 5ರಿಂದ 16 ಕೆಇವಿವರೆಗಿನ ರಾಶಿಯ ಯಾವ ಕಣದ ಗುರುತೂ ಸಿಗಲಿಲ್ಲ. ಇದಾದ ಮೇಲೆ ಡೆಸರ್ಟ್, ಫಾಸ್ಟರ್, ಸಫ್ದಿ ಮತ್ತು ಯುಜಿನ್ ಪಾರ್ಕ್ ಹಳೆಯ ಕಡತಗಳನ್ನೇ ತೆರೆದು, ಗೆರೆ ಕಂಡಿತೆಂದ ಆರು ವಿಶ್ಲೇಷಣೆಗಳನ್ನು ಅವೇ ದತ್ತಾಂಶದ ಮೇಲೆ ಅವೇ ವಿಧಾನದಲ್ಲಿ ಮರಳಿ ಮಾಡಿದರು. ಮರಳಿ ಸಿಕ್ಕಿದ್ದು ಒಂದು ಮಾತ್ರ. ಹಿನ್ನೆಲೆಯನ್ನು ಸರಿಯಾಗಿ ಮಾದರಿಗೊಳಿಸದ್ದು, ಗಣಕದ ಹೊಂದಾಣಿಕೆ ನಿಜವಾದ ಉತ್ತಮ ಉತ್ತರ ಮುಟ್ಟುವ ಮೊದಲೇ ಹತ್ತಿರದ ಯಾವುದೋ ತಗ್ಗಿನಲ್ಲಿ ಸಿಕ್ಕಿ ನಿಂತದ್ದು, ಇವು ಅವರು ಕೊಟ್ಟ ಕಾರಣಗಳು. ತಮ್ಮ ದತ್ತಾಂಶವನ್ನೂ ಗಣಕ ಸಂಕೇತವನ್ನೂ ಬಹಿರಂಗವಾಗಿಟ್ಟರು ಎಂಬುದೂ ಉಲ್ಲೇಖಾರ್ಹ.

ಇಷ್ಟೆಲ್ಲ ಸುತ್ತಾಟ ಯಾಕೆ, ಹರಿತವಾದ ರೋಹಿತದರ್ಶಕವೊಂದನ್ನು ಹಾರಿಸಿದರೆ ಒಂದೇ ಪೆಟ್ಟಿಗೆ ಮುಗಿಯುತ್ತದಲ್ಲ ಎಂದು ಕೇಳಬಹುದು. ಕೇಳಿಯೂ ಇದ್ದಾರೆ. ಈ ವಾದಕ್ಕೆ ಭದ್ರವಾದ ಬುನಾದಿಯಿದೆ. ಪರ್ಸಿಯಸ್ ಗುಚ್ಛದ ಅನಿಲ ಸೆಕೆಂಡಿಗೆ 160 ಕಿಲೋಮೀಟರ್ ಸುಮಾರಿನ ವೇಗದಲ್ಲಿ ಕಲಕುತ್ತಿದ್ದರೆ, ಕಪ್ಪು ದ್ರವ್ಯದ ಕಣಗಳು ಸಾವಿರ ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಅತ್ತಿತ್ತ ಹರಿದಾಡುತ್ತಿರುತ್ತವೆ. ಡಾಪ್ಲರ್ ಪರಿಣಾಮದಿಂದ ಪರಮಾಣುವಿನ ಗೆರೆ ಸಪೂರವಾಗಿಯೂ ಕಪ್ಪು ದ್ರವ್ಯದ ಗೆರೆ ಅಗಲವಾಗಿಯೂ ಕಾಣಬೇಕು. ಐದು ಎಲೆಕ್ಟ್ರಾನ್‌ವೋಲ್ಟ್ ಅಂತರವನ್ನೂ ಬಿಡಿಸಬಲ್ಲ ಇಂಥ ಉಪಕರಣ ಹೊತ್ತ ಜಪಾನಿನ ಹಿತೋಮಿ 2016ರ ಫೆಬ್ರುವರಿ 17ರಂದು ಹಾರಿತು. ಮಾರ್ಚ್ 26ರಂದು ನಿಯಂತ್ರಣ ತಪ್ಪಿ ಗಿರಗಿರನೆ ತಿರುಗಿ ಒಡೆದುಹೋಯಿತು. ಅಷ್ಟರೊಳಗೆ ಪರ್ಸಿಯಸ್ಸನ್ನು ನೋಡಿತ್ತು, ಅದು ಪುಣ್ಯ. ಎಕ್ಸ್‌ಎಂಎಂ ಆ ಗುಚ್ಛದಲ್ಲಿ ಕಂಡೆನೆಂದ ಪ್ರಖರ ಗೆರೆ ಅದರ ಕಣ್ಣಿಗೆ ಬೀಳಲಿಲ್ಲ. ಆದರೆ 73 ಗುಚ್ಛಗಳ ಸರಾಸರಿಯ ಮಂದವಾದ ಗೆರೆಯನ್ನು ತಳ್ಳಿಹಾಕುವಷ್ಟು ಬೆಳಕು ಅದಕ್ಕೆ ಸಿಕ್ಕಿರಲಿಲ್ಲ. ಅದರ ಉತ್ತರಾಧಿಕಾರಿ ಕ್ರಿಸ್ಮ್ 2023ರ ಸೆಪ್ಟೆಂಬರಿನಲ್ಲಿ ಹಾರಿ, ಹತ್ತು ಗುಚ್ಛಗಳಿಂದ 37.5 ಲಕ್ಷ ಸೆಕೆಂಡ್‌ಗಳ ಬೆಳಕು ಕೂಡಿಸಿದೆ. 2025ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲೂ ಗೆರೆಯಿಲ್ಲ. ಗೆರೆ ಇದ್ದರೆ ಎಷ್ಟು ತೀವ್ರವಾಗಿರಬಹುದೆಂಬ ಮಿತಿ ಹಿತೋಮಿಯದಕ್ಕಿಂತ ಮೂರು ನಾಲ್ಕು ಪಟ್ಟು ಬಿಗಿಯಾಗಿದೆ. ಆದರೂ 2014ರ ಸರಾಸರಿ ಗೆರೆಯನ್ನು ಮುಟ್ಟಲು ಇನ್ನೂ ಐದು ಪಟ್ಟು ಸೂಕ್ಷ್ಮತೆ ಬೇಕು. ಕಾರಣ ಸರಳ. ಕ್ರಿಸ್ಮ್ ಒಂದು ಸಲಕ್ಕೆ ನೋಡುವುದು ಹುಣ್ಣಿಮೆ ಚಂದ್ರನ ಅಗಲದ ಹತ್ತನೆಯ ಒಂದು ಭಾಗದಷ್ಟು ಚೌಕವನ್ನು. ಹರಿತವಾದ ಕಣ್ಣು, ಇಕ್ಕಟ್ಟಾದ ಕಿಟಕಿ. ಆಕಾಶವನ್ನೆಲ್ಲ ತುಂಬಿರುವ ಮಂದ ಬೆಳಕನ್ನು ಹಿಡಿಯಲು ಕಿಟಕಿಯ ಅಗಲಕ್ಕೂ ಅಷ್ಟೇ ಬೆಲೆಯಿದೆ.

ಅಗಲವಾದ ಕಿಟಕಿಗಳ ಚರಿತ್ರೆ 1970ರ ಡಿಸೆಂಬರಿನಲ್ಲಿ ಕೀನ್ಯಾದ ಕರಾವಳಿಯಿಂದ ಹಾರಿದ ಉಹುರು ಉಪಗ್ರಹದಿಂದ ಶುರು. ಇಡೀ ಆಕಾಶ ತಡಕಿ ಅದು ಪಟ್ಟಿಮಾಡಿದ್ದು 339 ಎಕ್ಸ್‌ರೇ ಆಕರಗಳನ್ನು. 1990ರಲ್ಲಿ ಹಾರಿದ ಜರ್ಮನಿಯ ರೋಸಾಟ್ ಆ ಪಟ್ಟಿಯನ್ನು ಲಕ್ಷ ದಾಟಿಸಿತು. 2019ರ ಜುಲೈ 13ರಂದು ಬೈಕೊನೂರಿನಿಂದ ರಷ್ಯಾದ ನೌಕೆಯೇರಿ ಹೋದ ಜರ್ಮನಿಯ ಇರೋಸಿಟಾ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಂತು, ಆರು ತಿಂಗಳಿಗೊಮ್ಮೆ ಇಡೀ ಆಕಾಶವನ್ನು ಏಳು ದೂರದರ್ಶಕಗಳಿಂದ ಸವರುತ್ತಿತ್ತು. ಅದರ ನೋಟ ಎರಡು ಚಂದ್ರರಷ್ಟು ಅಗಲ. ಕ್ರಿಸ್ಮ್‌ನ ಚೌಕದ ಮುನ್ನೂರು ಪಟ್ಟು ವಿಸ್ತೀರ್ಣ. ಮೊದಲ ಸುತ್ತಿನ ಅರ್ಧ ಆಕಾಶದಲ್ಲೇ ಸುಮಾರು 9 ಲಕ್ಷ ಆಕರಗಳು ಸಿಕ್ಕವು. ಆದರೆ ಇರೋಸಿಟಾವನ್ನು ಈ ಹುಡುಕಾಟದ ಬ್ರಹ್ಮಾಸ್ತ್ರವೆಂದು ಹೊಗಳುವವರು ಎರಡು ಮಾತನ್ನು ನುಂಗಿಕೊಳ್ಳುತ್ತಾರೆ. ಅದರ ಕನ್ನಡಿಗಳಿಗೆ ಚಿನ್ನದ ಲೇಪ. ಚಿನ್ನದ ಪರಮಾಣುಗಳ ಗುಣದಿಂದಾಗಿ 2.3 ಕೆಇವಿ ದಾಟಿದೊಡನೆ ಅವುಗಳ ಬೆಳಕು ಹಿಡಿಯುವ ಶಕ್ತಿ ಧಡಕ್ಕನೆ ಕುಸಿಯುತ್ತದೆ. 3.5ರ ಗೆರೆ ಆ ಕುಸಿತದ ಆಚೆಗಿದೆ. ಅದರ ಕಣ್ಣು ಚುರುಕಾಗಿರುವ ಕಡಿಮೆ ಶಕ್ತಿಯ ವಲಯದಲ್ಲಾದರೋ ಕ್ಷೀರಪಥದ ಬಿಸಿ ಅನಿಲದ ಗೆರೆಗಳೇ ಗಿಜಿಗುಡುತ್ತವೆ. ಅದರ ಆರಂಭಿಕ ದತ್ತಾಂಶದಲ್ಲಿ ಸ್ಟೆರೈಲ್ ನ್ಯೂಟ್ರಿನೊಗಳನ್ನು ಹುಡುಕಿದವರಿಗೆ ಸಿಕ್ಕಿದ್ದು ಮಿತಿಗಳು ಮಾತ್ರ. ಇಷ್ಟಾದರೂ ಇದು ಒಂದೇ ಉಪಕರಣದಿಂದ, ಒಂದೇ ಮಾಪನದಲ್ಲಿ ಎಲ್ಲ ದಿಕ್ಕನ್ನೂ ಅಳೆದಿದೆ. ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಉದ್ದೇಶಕ್ಕೆ ತೆಗೆದ ಎಕ್ಸ್‌ಎಂಎಂ ಚಿತ್ರಗಳನ್ನು ಹೊಲಿದು ಮಾಡಿದ ನಕ್ಷೆಗಿಂತ ಇಂಥ ನಕ್ಷೆಯ ಏರಿಳಿತವನ್ನು ಹೆಚ್ಚು ನಂಬಬಹುದು.

ಆ ನಕ್ಷೆಗೆ ಒದಗಿದ ಗತಿ ಭೌತವಿಜ್ಞಾನದ್ದಲ್ಲ. ಹಾರಾಟಕ್ಕೆ ಮೊದಲೇ ಆದ ಒಪ್ಪಂದದಂತೆ ಆಕಾಶದ ದತ್ತಾಂಶವನ್ನು ಜರ್ಮನಿ ಮತ್ತು ರಷ್ಯಾ ಅರ್ಧರ್ಧ ಹಂಚಿಕೊಂಡಿದ್ದವು. ಹಂಚಿಕೆಯ ಗಡಿ ಹಾಯುವುದು ಕ್ಷೀರಪಥದ ಕೇಂದ್ರದ ಮೂಲಕವೇ. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬೆನ್ನಿಗೆ, 2022ರ ಫೆಬ್ರುವರಿ 26ರಂದು, ಇರೋಸಿಟಾವನ್ನು ಸುರಕ್ಷಿತ ಸ್ಥಿತಿಗೆ ತಂದು ಕೆಲಸ ನಿಲ್ಲಿಸಲಾಯಿತು. ಯೋಜಿಸಿದ್ದ ಎಂಟು ಸುತ್ತುಗಳಲ್ಲಿ ಆದದ್ದು ನಾಲ್ಕು, ಐದನೆಯದರ ಸ್ವಲ್ಪ ಭಾಗ. 2024ರ ಜನವರಿ 31ರಂದು ಜಗತ್ತಿಗೆ ಬಿಡುಗಡೆಯಾದದ್ದು ಮೊದಲ ಸುತ್ತಿನ ಜರ್ಮನ್ ಪಾಲು. ಕಪ್ಪು ದ್ರವ್ಯದ ಪ್ರಭಾವಳಿ ಕೇಂದ್ರದ ಎರಡೂ ಬದಿಗೆ ಸರಿಸಮನಾಗಿರಬೇಕು. ಬಿಸಿ ಅನಿಲ ಹಾಗಿರಬೇಕಿಲ್ಲ. ಎಡಬಲಗಳ ಈ ಹೋಲಿಕೆ ಎರಡನ್ನೂ ಬೇರ್ಪಡಿಸುವ ಸುಲಭದ ಪರೀಕ್ಷೆ, ಒಂದೇ ಅರ್ಧದಿಂದ ಅದು ಆಗದು. ಎರಡೂ ಅರ್ಧ ಕೈಯಲ್ಲಿದ್ದಾಗ ಏನು ಸಾಧ್ಯವೆಂಬುದಕ್ಕೆ 2020ರ ಡಿಸೆಂಬರಿನಲ್ಲಿ ಎರಡೂ ದೇಶದವರು ಜೊತೆಯಾಗಿ ಪ್ರಕಟಿಸಿದ, ಕ್ಷೀರಪಥದ ಮೇಲೂ ಕೆಳಗೂ ಉಬ್ಬಿರುವ ದೈತ್ಯ ಅನಿಲ ಗುಳ್ಳೆಗಳ ನಕ್ಷೆಯೇ ಉದಾಹರಣೆ.

ಇನ್ನೊಂದು ಆಕ್ಷೇಪಕ್ಕೂ ಉತ್ತರಿಸಬೇಕು. ಗೆರೆ ಸಿಗದಾಗಲೆಲ್ಲ ಸಿದ್ಧಾಂತಿಗಳು ಕಣದ ರಾಶಿಯನ್ನೋ ಬೆರಕೆಯನ್ನೋ ಒಂದಿಷ್ಟು ಬದಲಿಸಿ ನುಣುಚಿಕೊಳ್ಳುತ್ತಾರೆ, ಹೀಗಿರುವಾಗ ಈ ‘ಇಲ್ಲ’ಗಳಿಗೆ ಅರ್ಥವೇನು ಎನ್ನುತ್ತಾರೆ ಕೆಲವರು. ಕಪ್ಪು ದ್ರವ್ಯದ ಹಲವು ಊಹೆಗಳ ಬಗ್ಗೆ ಈ ಮಾತು ನಿಜವೂ ಹೌದು. ಸ್ಟೆರೈಲ್ ನ್ಯೂಟ್ರಿನೊಗೆ ಆ ಸ್ವಾತಂತ್ರ್ಯವಿಲ್ಲ. ರಾಶಿ ಹೆಚ್ಚಿದಂತೆಲ್ಲ ಒಡೆಯುವ ದರ ವಿಪರೀತ ಏರುತ್ತದೆ, ಎಕ್ಸ್‌ರೇ ಮಿತಿಗಳು ಮೇಲಿನಿಂದ ಒತ್ತುತ್ತವೆ. ರಾಶಿ ಕಡಿಮೆಯಾದರೆ ಕಣಗಳು ಚುರುಕಾಗಿ, ಎಳೆಯ ವಿಶ್ವದಲ್ಲಿ ಸಣ್ಣ ಗೆಲಾಕ್ಸಿಗಳು ಹೆಪ್ಪುಗಟ್ಟದಂತೆ ಮಾಡುತ್ತವೆ. ಕ್ಷೀರಪಥದ ಸುತ್ತ ನಾವು ಎಣಿಸಿರುವ ಕುಬ್ಜ ಗೆಲಾಕ್ಸಿಗಳು ಕೆಳಗಿನಿಂದ ಒತ್ತುತ್ತವೆ. ಬೆರಕೆ ತೀರ ಕಡಿಮೆಯಾದರೆ ಮಹಾಸ್ಫೋಟದ ಮೊದಲ ಕ್ಷಣಗಳಲ್ಲಿ ಸಾಕಷ್ಟು ಕಣಗಳೇ ಹುಟ್ಟುವುದಿಲ್ಲ. ಡೊಡೆಲ್ಸನ್ ಮತ್ತು ವಿಡ್ರೊ ಹೇಳಿದ ಸರಳ ರೂಪದಲ್ಲಿ ಈ ಕಣವೇ ಇಡೀ ಕಪ್ಪು ದ್ರವ್ಯವಾಗಿರುವ ಸಾಧ್ಯತೆ ಹೀಗೆ ಈಗಾಗಲೇ ಮುಗಿದಿದೆ. ಉಳಿದಿರುವುದು ಇನ್ನಷ್ಟು ಜಟಿಲ ಹುಟ್ಟಿನ ಕಥೆಗಳಿರುವ ಕಿರಿದಾದ ಮೂಲೆ. ಹುಡುಕುವ ಜಾಗ ಇಷ್ಟು ಚಿಕ್ಕದಾದದ್ದು ‘ಇಲ್ಲ’ಗಳಿಂದಲೇ. ಅಲ್ಲದೆ ಸರ್ವೇಕ್ಷಣೆ ಒಂದೇ ಪಣ ಕಟ್ಟಿ ಆಡುವ ಆಟವೂ ಅಲ್ಲ. ಬುಲ್ಬುಲ್ ಈಗ ಜರ್ಮನಿಯ ಗಾರ್ಚಿಂಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಇರೋಸಿಟಾದ ಗೆಲಾಕ್ಸಿ ಗುಚ್ಛಗಳ ತಂಡದ ಮುಂದಾಳು. ಅವರ ತಂಡ 5,259 ಗುಚ್ಛಗಳನ್ನು ಎಣಿಸಿ, ತೂಗಿ, ವಿಶ್ವದಲ್ಲಿ ದ್ರವ್ಯದ ಪಾಲೆಷ್ಟು ಎಂಬುದನ್ನು ಅಳೆದಿದೆ. ಕಪ್ಪು ದ್ರವ್ಯ ಬೆಳಗದಿದ್ದರೂ ಅದರ ತೂಕ ಸಿಗುತ್ತದೆ.

ಹಾಗಾದರೆ 3.5 ಕೆಇವಿ ಗೆರೆಯ ಕಥೆ ಮುಗಿಯಿತೇ? ಕಪ್ಪು ದ್ರವ್ಯದ ಗೆರೆಯಾಗಿ ಮುಗಿದಿದೆ ಎಂದೇ ನನ್ನ ಎಣಿಕೆ. ಅದನ್ನು ಮುಗಿಸಿದ್ದು ಯಾವುದೇ ಒಂದು ಅವಲೋಕನವಲ್ಲ. ಡ್ರೇಕೊದ ಫಲಿತಾಂಶದಲ್ಲಿ ಬಿರುಕಿದೆ, ಹಿತೋಮಿಯ ಬೆಳಕು ಸಾಲದು, 2020ರ ಲೆಕ್ಕಕ್ಕೆ ತಕರಾರಿದೆ. ಗುಚ್ಛಗಳಲ್ಲಿ ಕಂಡದ್ದು, ಗೆಲಾಕ್ಸಿಗಳಲ್ಲಿ ಕಾಣದ್ದು, ಖಾಲಿ ಆಕಾಶದಲ್ಲಿ ಇಲ್ಲದ್ದು ಇವನ್ನೆಲ್ಲ ಒಂದೇ ನಕ್ಷೆಯ ಮೇಲೆ ಕೂರಿಸಲು ಯಾವ ಆಯುಷ್ಯದ ಕಣಕ್ಕೂ ಆಗಲಿಲ್ಲ. ಪೊಟ್ಯಾಸಿಯಂ, ಗಂಧಕಗಳ ಪಾತ್ರ ಗುಚ್ಛಗಳಲ್ಲಿ ಎಷ್ಟಿತ್ತೆಂಬುದನ್ನು ಕ್ರಿಸ್ಮ್ ಬಿಡಿಸಿ ಹೇಳಲು ಹಲವು ವರ್ಷಗಳ ಬೆಳಕು ಕೂಡಬೇಕು. ಈ ನಡುವೆ 2024ರ ಜನವರಿ 9ರಂದು ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್, ನಳ್ಳಿಯ ಕಣ್ಣಿನ ರಚನೆಯ ಕನ್ನಡಿಗಳಿಂದ ಒಂದೇ ನೋಟಕ್ಕೆ 3,600 ಚದರ ಡಿಗ್ರಿ, ಅಂದರೆ ಆಕಾಶದ ಹನ್ನೊಂದನೆಯ ಒಂದು ಭಾಗವನ್ನು ನೋಡುತ್ತಿದೆ. ಅದನ್ನು ಕಟ್ಟಿದ್ದು ಸಿಡಿಯುವ ನಕ್ಷತ್ರಗಳನ್ನು, ಕಪ್ಪುಕುಳಿಗೆ ಸಿಕ್ಕಿ ಛಿದ್ರವಾಗುವ ಸೂರ್ಯರನ್ನು ಹಿಡಿಯಲಿಕ್ಕೆ. ಆದರೆ ಅದರ ಹಿನ್ನೆಲೆಯ ಬೆಳಕೂ ದಿನದಿನಕ್ಕೆ ಕೂಡಿಬೀಳುತ್ತಿದೆ, ಅದರ ಶಕ್ತಿಯ ವ್ಯಾಪ್ತಿ 0.5ರಿಂದ 4 ಕೆಇವಿ.